ಕಾರ್‌ಪೋರ್ಟಿನ ತೂಗುಸೇತುವೆ

ಮಗಳು ಹುಟ್ಟಿದ ಮೊದಲ ತಿಂಗಳುಗಳು ನನಗೆ ಮಂಜಿನೊಳಗಿಂದ ಕಂಡ ಹಾಗೆ ನೆನಪಿವೆ. ಪರದೇಶದಲ್ಲಿ ಟೂಂಗಾಬಿ ಎಂಬ ಬಡಾವಣೆಯ ಬಾಡಿಗೆ ಮನೆ, ಹಿತ್ತಲಿನ ನಿಂಬೆಗಿಡ, ಸದಾ ಅಳುವ ಕೂಸು. ಅವಳು ಮಲಗಲಿಲ್ಲ, ಹಾಗಾಗಿ ನಾನೂ ಮಲಗಲಿಲ್ಲ. ಒಮ್ಮೆ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ, ಗೊತ್ತೇ ಆಗದೆ ಕುಡಿದು ಮುಗಿಸಿದ್ದೆ. ಗಂಡನಿಗೆ ಮೆಲ್ಬರ್ನಿನಲ್ಲಿ ಪ್ರಾಜೆಕ್ಟು. ಸೋಮವಾರ ವಿಮಾನ ಹತ್ತಿದರೆ ಮತ್ತೆ ಮುಖ ಕಾಣುವುದು ಶುಕ್ರವಾರ ಸಂಜೆಯೇ. ಬಾಣಂತನಕ್ಕೆಂದು ಗೋಕಾಕದಿಂದ ಬಂದಿದ್ದ ಅವ್ವನ ವೀಸಾ ಮುಗಿಯುತ್ತ ಬಂದಿತ್ತು. ಅವಳು ಹೋದ ಮೇಲೆ ಈ ಅಳುವಿನ ಜೊತೆ ನಾನೊಬ್ಬಳೇ ಹೇಗಿರಲಿ ಎಂದು ದಿನ ಎಣಿಸುತ್ತಿದ್ದೆ.

ಅವ್ವನಿಗೆ ಕಾರಣ ಗೊತ್ತಿತ್ತು. “ಕೂಸಿಗೆ ಜೋಲಿ ಇಲ್ಲ, ಅದಕ್ಕ ನಿದ್ದಿ ಇಲ್ಲ.” ಸೀರೆಯ ತೊಟ್ಟಿಲು ಕಟ್ಟಲೆಂದು ಹಳೆಯ ಕಾಟನ್ ಸೀರೆಯನ್ನು ಮಡಿಸಿ ಹಿಡಿದುಕೊಂಡು ಕೋಣೆ ಕೋಣೆ ತಿರುಗಿ ಮೇಲೆ ನೋಡುತ್ತಿದ್ದಳು. ಮೇಲೆ ಏನಿದೆ? ಹಲಗೆ ಬಡಿದ ಬಿಳಿ ಛಾವಣಿ. ಒಂದು ಮೊಳೆ ಹೊಡೆಯಲೂ ಮನೆಯ ಮಾಲೀಕ ಬಿಡುವುದಿಲ್ಲ. “ಒಂದ ತೊಲಿ ಇಲ್ಲ, ಒಂದ ಕೊಂಡಿ ಇಲ್ಲ. ಇದ ಎಂಥಾ ಮನಿಯವ್ವಾ?” ಎಂದು ಬೈದು ಸೀರೆಯನ್ನು ಮತ್ತೆ ಪೆಟ್ಟಿಗೆಯಲ್ಲಿಡುತ್ತಿದ್ದಳು.

ಒಂದು ಭಾನುವಾರ ಗಂಡ ನಮ್ಮನ್ನು ಹಾರ್ಬರ್ ಬ್ರಿಜ್ ತೋರಿಸಲು ಕರೆದುಕೊಂಡು ಹೋದ. ಅವ್ವ ಹೊಸ ಸೀರೆ ಉಟ್ಟು ಉತ್ಸಾಹದಿಂದಲೇ ಹೊರಟಳು. ಸೇತುವೆಯೆಂದರೆ ಅವಳಿಗೆ ನಮ್ಮೂರ ತೂಗುಸೇತುವೆ. ಮದುವೆಯಾದ ಹೊಸದರಲ್ಲಿ ಮಿಲ್ಲಿನಲ್ಲಿದ್ದ ಅಪ್ಪನಿಗೆ ಬುತ್ತಿ ಹೊತ್ತು ಘಟಪ್ರಭೆಯ ಮೇಲೆ ಹಾಯ್ದ ಸೇತುವೆ. ಕಾಲಿಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತಿತ್ತಂತೆ, ಕೆಳಗೆ ಕೆಂಪು ನೀರು ಬಂಡೆಯ ಮೇಲೆ ಹೊರಳುತ್ತಿತ್ತಂತೆ.

ಇಲ್ಲಿ ನಡೆದು ಅರ್ಧ ದಾರಿಗೆ ಬಂದರೂ ಏನೂ ತೂಗಲಿಲ್ಲ. ಅವ್ವನ ಮುಖ ಸಪ್ಪಗಾಯಿತು. “ಇದ ಅಲಗಾಡೂದಽ ಇಲ್ಲಲ್ಲವಾ. ಇದಕ್ಯಾಕ ಇಷ್ಟ ಹೆಸರ?”

ಅಷ್ಟರಲ್ಲಿ ಸೇತುವೆಯ ಆಚೆ ಬದಿಯಲ್ಲಿ ರೈಲು ಬಂತು. ಕಾಲಡಿಯ ನೆಲ ನವಿರಾಗಿ ನಡುಗಿತು. ಅವ್ವನ ಹೆಗಲ ಮೇಲೆ ಅಳುತ್ತಿದ್ದ ಕೂಸು ಸುಮ್ಮನಾಗಿ ರೆಪ್ಪೆ ಮುಚ್ಚಿತು. ರೈಲು ದಾಟಿತು, ಕೂಸು ಮತ್ತೆ ಕಿರುಚಿತು. ಅವ್ವ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

ಸೇತುವೆಯ ತುದಿಯ ಕಲ್ಲುಗೋಪುರದಲ್ಲಿ ಕಟ್ಟುವ ಕಾಲದ ಚಿತ್ರಗಳಿದ್ದವು. ಎರಡೂ ದಡದಿಂದ ಅರ್ಧರ್ಧ ಕಮಾನು ನೀರಿನ ಮೇಲೆ ಬಾಗಿ ನಿಂತಿವೆ, ನಡುವೆ ಬರೀ ಆಕಾಶ. ಕೆಳಗೊಂದು ಆಧಾರವಿಲ್ಲ.

“ಮತ್ತ ಬೀಳಲಿಲ್ಲ ಹ್ಯಾಂಗ?” ಅವ್ವ ಕೇಳಿದಳು.

“ಹಿಂದಿಂದ ಜಗ್ಗಿ ಹಿಡಿದಿದ್ರು, ಅತ್ತಿ,” ಎಂದ ಗಂಡ. “ದಂಡಿಯ ಬಂಡಿಗಲ್ಲಿನೊಳಗ ಸುರಂಗ ಕೊರದು, ಉಕ್ಕಿನ ಹಗ್ಗ ಹಾಯಿಸಿ ಬಿಗದಿದ್ರು. ಆಮ್ಯಾಲೆ ಹಗ್ಗ ಸಡಲ ಬಿಡತಾ ಬಿಡತಾ ಎರಡೂ ತುದಿ ಕೂಡಿದ್ವು. ನಾವು ನಡದ ರಸ್ತಾನೂ ಆ ಕಮಾನಿಗೇ ತೂಗಬಿಟ್ಟಾರ.”

“ಅಂದ್ರ ಇದೂ ತೂಗೂದಽ,” ಎಂದು ಅವ್ವ ಸಮಾಧಾನದ ಉಸಿರು ಬಿಟ್ಟಳು. ಆದರೆ ಆ ಚಿತ್ರದ ಮುಂದಿನಿಂದ ಕದಲಲಿಲ್ಲ. ನಾವು ಕೆಳಗಿಳಿದು ಕಾದು ಕಾದು ಬೇಸತ್ತ ಮೇಲೆ ಬಂದಳು.

ಮರುದಿನ ಗಂಡ ಮೆಲ್ಬರ್ನಿಗೆ ಹೋದ. ಅವ್ವ ಹೊರಗೆ ಕಾರು ನಿಲ್ಲಿಸುವ ಕಾರ್‌ಪೋರ್ಟಿಗೆ ಹೋದಳು. ತಗಡಿನ ಮಾಡು, ಎರಡು ಸಪೂರ ಕಬ್ಬಿಣದ ಕಂಬ. ಕಂಬಗಳ ನಡುವೆ ಸೀರೆ ಕಟ್ಟಿ, ಕೂಸಿನ ಬದಲು ಸೋನಾ ಮಸೂರಿ ಚೀಲ ಇಟ್ಟಳು. ಕಂಬಗಳು ಒಳಕ್ಕೆ ಬಾಗಿದವು. ನಾನು “ಬ್ಯಾಡವ್ವಾ, ಬಿದ್ದಗಿದ್ದೀತು” ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಒಂದು ಕಂಬದ ನೆತ್ತಿಯಿಂದ ಹಗ್ಗವನ್ನು ಹಿಂದಕ್ಕೆಳೆದು ನಿಂಬೆಗಿಡದ ಬುಡಕ್ಕೆ ಬಿಗಿದಳು, ಇನ್ನೊಂದರಿಂದ ಬಟ್ಟೆ ಒಣಹಾಕುವ ಕಬ್ಬಿಣದ ಕಂಬದ ಬುಡಕ್ಕೆ. ಕಂಬಗಳು ನೆಟ್ಟಗಾದವು. ಅಕ್ಕಿ ಚೀಲ ಎಷ್ಟು ತೂಗಿದರೂ ಏನೂ ಕದಲಲಿಲ್ಲ. ಆಮೇಲೆ ತಾನೇ ಎರಡೂ ಕೈ ಊರಿ ಜೋತುಬಿದ್ದು ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ.

ಕೂಸು ಜೋಲಿಯಲ್ಲಿ ಸ್ವಲ್ಪ ಹೊತ್ತು ಕಣ್ಣರಳಿಸಿ ತಗಡಿನ ಅಂಚಿನ ಬಿಸಿಲು ನೋಡಿತು. ಆಮೇಲೆ ಮುಷ್ಟಿ ಸಡಿಲಿಸಿ ಮಲಗಿಬಿಟ್ಟಿತು. ನನಗೆ ಅಳು ಬಂತು.

“ಅಳತೀ ಯಾಕ? ನೀನೂ ಅಡ್ಡಾಗು,” ಎಂದು ಅವ್ವ ಜೋಲಿಯ ಪಕ್ಕ ಚಾಪೆ ಹಾಸಿದಳು. ನಿಂಬೆಹೂವಿನ ವಾಸನೆ, ಹಗ್ಗದ ಕಿರ್ರ್ ಕಿರ್ರ್. ಕನಸಿನಲ್ಲಿ ಘಟಪ್ರಭೆಯ ಮೇಲೆ ಯಾರೋ ನನ್ನನ್ನು ಹೊತ್ತು ನಡೆಯುತ್ತಿದ್ದರು, ಆಚೆಯ ದಡದಲ್ಲಿ ಹಾರ್ಬರಿನ ಹಡಗುಗಳು ನಿಂತಿದ್ದವು. ಎದ್ದಾಗ ಸಂಜೆಯಾಗಿತ್ತು. ಅವ್ವ ಇನ್ನೂ ತೂಗುತ್ತಲೇ ಇದ್ದಳು.

ಅವ್ವ ಊರಿಗೆ ಮರಳಿದ ವಾರ ಫೋನ್ ಕಾರ್ಡ್ ಉಜ್ಜಿ ನಂಬರ್ ಒತ್ತಿ ಗೋಕಾಕಕ್ಕೆ ಮಾತಾಡಿದೆ. ಮಧ್ಯಾಹ್ನ, ಕೂಸು ಜೋಲಿಯಲ್ಲಿತ್ತು. ಹಗ್ಗದ ಸದ್ದು ಕೇಳಲೆಂದು ಫೋನನ್ನು ಅದರ ಹತ್ತಿರ ಹಿಡಿದೆ.

“ಕೂಸು ಮಲಗೇತಿ ನೋಡವ್ವಾ.”

“ಅದು ಮಲಗತೈತಿ ಬಿಡು,” ಎಂದಳು ಅವ್ವ. “ನಾ ಅಷ್ಟ ಕಷ್ಟ ಪಟ್ಟು ಕಟ್ಟಿದ್ದು ನನ್ನ ಕೂಸಿನ ಸಲುವಾಗಿ. ನೀ ಮಲಗಿದೆ ಏನ?”

“ಹೂಂ” ಎಂದೆ.

“ಸುಳ್ಳ ಹೇಳಬ್ಯಾಡ. ಫೋನ ಇಡು, ಅಡ್ಡಾಗು.”

ಫೋನ್ ಇಟ್ಟು ಚಾಪೆ ಹಾಸಿದೆ.