ತಟ್ಟೆಯಂಚಿನ ಖಾರ

ಒಣಮೆಣಸಿನಕಾಯಿ, ಬೆಳ್ಳುಳ್ಳಿ ಸುಟ್ಟ ಘಾಟು ಅಡುಗೆಮನೆಯಿಂದ ಬಂದು ಈಗಷ್ಟೇ ಸೀನು ಬರಿಸಿತು. ಉಪ್ಸಾರಿನ ಖಾರ. ಕಾಳು, ಸೊಪ್ಪು ಬೇಯಿಸಿದ ತಿಳಿಸಾರು, ಬಿಸಿ ಮುದ್ದೆ, ತಟ್ಟೆಯಂಚಿಗೆ ರುಬ್ಬಿದ ಈ ಖಾರ. ನಮ್ಮ ಹೊಳೆನರಸೀಪುರದ ಕಡೆಯವರಾದರೆ ನಿಮಗೆ ವಿವರಿಸಬೇಕಾಗಿಲ್ಲ. ಅಲ್ಲದಿದ್ದರೆ ಹೇಳಿ ಹೊಟ್ಟೆ ಉರಿಸುವುದು ಬೇಡ.

ಹೋದ ವರ್ಷ ನನಗೆ ಬಿ.ಪಿ. ಇದೆಯೆಂದು ಗೊತ್ತಾಯಿತು. ಅಪ್ಪನಿಗೂ ಇದೇ ವಯಸ್ಸಿನಲ್ಲಿ ಬಂದಿತ್ತು. ಆಮೇಲೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಅವ್ವ ಮುದ್ದೆ ಮುರಿದು ಬಾಯಿಗಿಟ್ಟರೆ ಅಪ್ಪ ಗೋಡೆಯ ಕಡೆ ತಿರುಗಿ ನುಂಗುತ್ತಿದ್ದ. ಆ ಭಯಕ್ಕೆ ನಾನು ದಿನಾ ಎದ್ದ ಕೂಡಲೇ ಬಲಗೈ ಬೆರಳು ಮಡಚಿ ನೋಡಿಕೊಳ್ಳುತ್ತಿದ್ದೆ. ಹೊರಗೆ ಮಾತ್ರ ಮಹಾ ಶೂರ.

ಹೆಂಡತಿ ಜಯಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ಮಾತ್ರೆ ನುಂಗಿದೆ, ಸಪ್ಪೆ ಉಂಡೆ, ಬಿ.ಪಿ. ಇಳಿಯಲಿಲ್ಲ. ಹಾಸನದ ಡಾಕ್ಟರು ಊಟ, ಓಡಾಟದ ಸಲಹೆ ಕೊಡುವ ಮೇಡಂ ಹತ್ತಿರ ಕಳಿಸಿದರು. ಆ ಮೇಡಂ ನಮ್ಮ ಪಕ್ಕದ ಅರಕಲಗೂಡಿನ ಕಡೆಯವರು. ಮುದ್ದೆ ಬಿಡಿಸುತ್ತಾರೆಂದು ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ನಿನ್ನೆ ಏನೇನು ಉಂಡಿರಿ ಎಂದು ಕೇಳಿದರು.

"ಉಪ್ಸಾರು, ಮುದ್ದೆ. ಸಾರಿಗೆ ಉಪ್ಪೇ ಇಲ್ಲ ಕಣಮ್ಮ."

"ಖಾರ ಹಾಕ್ಕೊಂಡ್ರಾ ಸಾರ್?"

"ಸಪ್ಪೆ ಸಾರು ಗಂಟ್ಲಲ್ಲಿ ಇಳೀಬೇಕಲ್ಲ. ಒಸಿ ಜಾಸ್ತೀನೇ ಆಕ್ಕತೀನಿ."

ಅವರು ಜೊತೆಗೆ ಬಂದಿದ್ದ ಜಯಮ್ಮನ ಕಡೆ ತಿರುಗಿದರು. "ಖಾರ ರುಬ್ಬೋವಾಗ ಉಪ್ಪೆಷ್ಟು ಹಾಕ್ತೀರಕ್ಕ?"

ಹಿಡಿ ತೋರಿಸಲು ಕೈ ಎತ್ತಿದ ಜಯಮ್ಮ ಅರ್ಧಕ್ಕೇ ನಿಂತಳು. "ಅಯ್ಯೋ ಶಿವನೆ. ಸಾರಿಂದು ತಗುದ್ನಲ್ಲ ಅಂತ ಇದ್ದೆ ಕಣವ್ವ. ಖಾರದ ಕಡೀಕೆ ಗ್ಯಾನವೇ ಓಗ್ಲಿಲ್ಲ."

ಮೇಡಂ ನಗಲಿಲ್ಲ. ಮುದ್ದೆ ಬಿಡಬೇಡಿ ಎಂದಾಗ ನನ್ನ ಜಗಳವೆಲ್ಲ ವ್ಯರ್ಥವಾಯಿತು. ಖಾರಕ್ಕೆ ಉಪ್ಪು ಬೇಡ, ಹುಣಸೆ, ಜೀರಿಗೆ ಮುಂದಾಗಲಿ, ಸಾರಿಗೆ ಒಂದು ಚಿಟಿಕೆ ಇರಲಿ, ಮಾತ್ರೆ ತಪ್ಪಿಸಬೇಡಿ. ದಿನವಿಡೀ ತೆಂಗಿನಕಾಯಿ ಮಂಡಿಯಲ್ಲಿ ಕೂರುವವನೆಂದು ತಿಳಿದು, ಸ್ಕೂಟರ್ ಬಿಟ್ಟು ನಡೆದೇ ಹೋಗಿ ಎಂದರು.

ಮಾರನೆಯ ದಿನದಿಂದ ಮಂಡಿಗೆ ನಡೆದೇ ಹೊರಟೆ. ದಾರಿಯಲ್ಲಿ ಸಿಕ್ಕವರದೆಲ್ಲ ಒಂದೇ ಪ್ರಶ್ನೆ: "ಯಾಕಣ್ಣ, ಗಾಡಿ ಕೆಟ್ಟೋಯ್ತಾ?"

"ಗಾಡಿ ನೆಟ್ಗೈತೆ ಕಣ್ಲಾ. ನಾನೇ ರಿಪೇರೀಲಿವ್ನಿ."

ಇವತ್ತು ಬೆಳಿಗ್ಗೆ ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತಾ, "ಇಳಿದಿದೆ, ಹೀಗೇ ನೋಡ್ಕೊಳ್ಳಿ" ಎಂದರು. ಬಸ್ಸು ಹತ್ತಿದ್ದೇ ಜಯಮ್ಮ ನನ್ನ ಭುಜಕ್ಕೊರಗಿ ನಿದ್ದೆಹೋದಳು. ಅವಳು ಅಷ್ಟು ನಿಶ್ಚಿಂತೆಯಾಗಿ ಮಲಗಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ನನಗೂ ಎದೆ ಹಗುರವಾಯಿತು.

"ಬನ್ನಿ, ಮುದ್ದೆ ಆರೋಯ್ತದೆ" ಎಂದು ಈಗ ಒಳಗಿನಿಂದ ಕರೆದಳು. ಕೂತು, ಬಲಗೈಯಲ್ಲಿ ಮುದ್ದೆ ಮುರಿದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಿ ನೋಡಿಕೊಳ್ಳುವುದನ್ನೇ ಮರೆತಿದ್ದೆನೆಂದು ಆಗ ನೆನಪಾಯಿತು.