ಹಿಂದೆ ಸರಿದ ಟಗರು

ಹುಕ್ಕೇರಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಟಗರಿನ ಬುರುಡೆಯೊಂದನ್ನು ಮೇಜಿನ ಮೇಲಿಟ್ಟು ಮಕ್ಕಳ ಮುಂದೆ ಭಾಷಣ ಹೊಡೆಯುತ್ತಿದ್ದೆ. ಹಣೆಯ ಎಲುಬು ಎರಡು ಪದರ, ನಡುವೆ ಪೊಳ್ಳು. ಲಕ್ಷಾಂತರ ವರ್ಷ ಗುದ್ದಾಡಿದ ಟಗರುಗಳಲ್ಲಿ ತಲೆ ಗಟ್ಟಿಯಿದ್ದವು ಉಳಿದು ಮರಿ ಹುಟ್ಟಿಸಿದವು, ಮೆತ್ತಗಿನವು ಸತ್ತವು. ನಮ್ಮ ಬುರುಡೆಯೋ, ಕಿವಿಯ ಮೇಲುಗಡೆ ಹಪ್ಪಳದಷ್ಟು ತೆಳು. ನಮಗೆ ಸಿಕ್ಕಿದ್ದು ಉದ್ದನೆಯ ಕಾಲು ಮತ್ತು ಹೆದರಿಕೆ. ಹೆದರಿದಾಗ ರಕ್ತ ಕಾಲಿಗೆ ಇಳಿಯುತ್ತದೆ ಎನ್ನುವಾಗ ನನ್ನ ದನಿ ಇನ್ನಷ್ಟು ಏರುತ್ತಿತ್ತು, ಎಲ್ಲ ತಿಳಿದವಳ ಹಾಗೆ.

ನನ್ನ ತವರು ಮೂಡಲಗಿ ಕಡೆಯ ಕುಲಗೋಡ. ಅಲ್ಲಿ ನನ್ನ ತಮ್ಮ ಕಾಳಗಕ್ಕೆಂದು ಟಗರು ಸಾಕಿದ್ದ. ಮರಿಯಾಗಿದ್ದಾಗಿನಿಂದಲೂ ಅದಕ್ಕೆ ಅಂಗೈ ಕೊಡುವುದು ಓಣಿಯವರಿಗೆಲ್ಲ ಒಂದು ಆಟ. ಹಣೆಗೆ ಅಂಗೈ ಒತ್ತಿ ದೂಡಬೇಕು. ಅದು ಹಿಂದೆ ಸರಿದು ಓಡಿ ಬಂದು ಕೈಗೆ ಗುದ್ದಬೇಕು. ಗುದ್ದಿದರೆ ಕಡಲೆ. ಹಾಲು ಒಯ್ಯಲು ಬಂದವರೂ ಅಂಗೈ ಕೊಟ್ಟರು. ಬಸ್ಸಿಳಿದು ಬಂದ ನಾನಂತೂ ಬ್ಯಾಗು ಕೆಳಗಿಡುವ ಮೊದಲೇ ಕೊಟ್ಟೆ, ನಕ್ಕೆ. ಮನುಷ್ಯರೆಲ್ಲ ತನ್ನ ಎದುರಾಳಿಗಳೆಂದು ಅದಕ್ಕೆ ಕಲಿಸಿದವರು ನಾವೇ. ಬುರುಡೆ ಹಿಡಿದು ಪಾಠ ಮಾಡುವವಳಿಗೆ ಇಷ್ಟೂ ಹೊಳೆಯಲಿಲ್ಲ ಅಂದರೆ ಏನು ಹೇಳಲಿ.

ಮರಿ ಬೆಳೆಯಿತು, ಕೊಂಬು ಸುತ್ತಿಕೊಂಡವು. ಆ ಹೊತ್ತಿಗೆ ಅವ್ವ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಗೋಕಾಕದಲ್ಲಿ ರಾಡ್ ಹಾಕಿಸಿದ್ದೆವು. “ಇನ್ನೊಮ್ಮಿ ಬಿದ್ರ ಮತ್ತ ಏಳಾಕ ಆಗೂದಿಲ್ರಿ, ನೋಡ್ಕೋರಿ,” ಎಂದು ಡಾಕ್ಟರು ನನ್ನನ್ನೇ ನೋಡಿ ಹೇಳಿದ್ದರು. ಅಂದಿನಿಂದ ಊರಿಗೆ ಹೋದಾಗಲೆಲ್ಲ ಅವ್ವ ಹೊಸ್ತಿಲು ದಾಟಿದರೂ ನಾನು ಹಿಂದೆಯೇ ಏಳುತ್ತಿದ್ದೆ.

ನಾನು ಊರಿಗೆ ಬಂದಿದ್ದ ಒಂದು ರವಿವಾರ ಮುಂಜಾನೆ ತಮ್ಮ ಬಾವಿಯ ಮೋಟಾರಿನ ಸಾಮಾನಿಗೆಂದು ಮೂಡಲಗಿಗೆ ಹೋಗಿದ್ದ. ಅವ್ವ ನೆನೆಸಿದ ಹುರಳಿಯ ಬುಟ್ಟಿ ಹಿಡಿದು ಟಗರಿನ ಪತ್ರಾಸು ತಗಡಿನ ಶೆಡ್ಡಿಗೆ ಹೊರಟಳು.

“ನಾ ಹಾಕತೇನಿ, ನೀ ಕುಂಡ್ರು,” ಎಂದೆ.

“ನೀ ಹಿಕ್ಕಿ ಕಂಡ್ರ ಮೂಗ ಮುರಿಯಾಕಿ, ಸುಮ್ಮನ ಬಾ.”

ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಅವ್ವ ಆಗಲೇ ಒಳಗಿದ್ದಳು. ಗೂಟ ಕಿತ್ತು ಬಂದಿತ್ತು. ಕೊರಳ ಹಗ್ಗವನ್ನು ಎಳೆದುಕೊಂಡು ಟಗರು ಶೆಡ್ಡಿನ ನಡುವೆ ನಿಂತಿತ್ತು.

ಅದು ಅವ್ವನನ್ನು ನೋಡಿ ಒಂದು ಹೆಜ್ಜೆ ಹಿಂದೆ ಇಟ್ಟಿತು. ಅವ್ವ ಹೆದರಿ ತಾನೂ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಮತ್ತೊಂದು ಹೆಜ್ಜೆ, ಅವಳು ಮತ್ತೊಂದು. ನಡುವಿನ ಜಾಗ ಅಗಲವಾಗುತ್ತ ಹೋಯಿತು. ಹೆದರಿದ ಮನುಷ್ಯ ಹಿಂದೆ ಸರಿಯುವುದು ತಪ್ಪಿಸಿಕೊಳ್ಳಲಿಕ್ಕೆ, ಟಗರು ಹಿಂದೆ ಸರಿಯುವುದು ಗುದ್ದಲಿಕ್ಕೆ. ಅವಳು ಸರಿದಷ್ಟೂ ಕಾಳಗಕ್ಕೆ ಒಪ್ಪಿದಳೆಂದೇ ಅದರ ಲೆಕ್ಕ. ಅದರ ಪೆಟ್ಟೆಲ್ಲ ಇರುವುದು ಓಟದಲ್ಲಿ. ಮೈಗೆ ಮೈ ತಾಗಿಸಿ ನಿಂತವರಿಗೆ ಅದು ಹೆಚ್ಚೇನೂ ಮಾಡಲಾರದು. ನಾನು ಮಾಡಬೇಕಾದದ್ದು ಇಷ್ಟೇ, ಆರು ಹೆಜ್ಜೆ ಮುಂದೆ ಹೋಗಿ ಅದರ ಕುತ್ತಿಗೆ ತಬ್ಬಿಕೊಳ್ಳುವುದು. ಇದೆಲ್ಲ ನನಗೆ ಗೊತ್ತಿತ್ತು. ಅಲ್ಲಿ ನಿಂತಾಗಲೇ ಗೊತ್ತಿತ್ತು.

ಅವ್ವಾ ಎನ್ನಲು ನಾಲಗೆ ಏಳಲಿಲ್ಲ. ಆಮೇಲೆ ನೋಡಿಕೊಂಡರೆ ನಾನು ಅಂಗಳದಾಚೆ ನೀರಿನ ಟಾಕಿಯ ಹಿಂದೆ ಇದ್ದೆ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಓಡಿದ್ದು ನೆನಪಿಲ್ಲ, ಓಡಬೇಕೆಂದು ಯೋಚಿಸಿದ್ದೂ ನೆನಪಿಲ್ಲ.

ಶೆಡ್ಡಿನೊಳಗಿಂದ ಧಡ್ ಎಂಬ ಸದ್ದು ಬಂತು. ಪತ್ರಾಸೆಲ್ಲ ಗಡಗಡ ಎಂದಿತು. ಮುಗೀತು, ಅವ್ವ ಹೋದಳು ಅಂದುಕೊಂಡೆ. ಹೋಗಿ ನೋಡಬೇಕಲ್ಲ ಎಂಬ ಹೆದರಿಕೆ ಟಗರಿನ ಹೆದರಿಕೆಗಿಂತ ದೊಡ್ಡದಾಯಿತು. ಟಾಕಿಗೆ ಹಣೆ ಒತ್ತಿ ನಿಂತೇಬಿಟ್ಟೆ. ಎಷ್ಟು ಹೊತ್ತು ನಿಂತೆನೋ ಹೇಳಲಾರೆ.

“ಯವ್ವಾ, ಹಗ್ಗ ಕಟ್ಟು ಬಾ,” ಎಂದು ಅವ್ವನ ದನಿ ಕೇಳಿತು.

ಟಗರು ಗುದ್ದಿದ್ದು ಅವ್ವನ ಬೆನ್ನ ಹಿಂದಿದ್ದ ಕಂಬಕ್ಕೆ. ಅವ್ವ ಕಂಬದ ಮಗ್ಗುಲಿಗೆ ವಾಲಿದ್ದಳಂತೆ. ಅದು ಮತ್ತೆ ಹಿಂದೆ ಸರಿಯುವ ಮೊದಲೇ ಬುಟ್ಟಿ ಬಿಸಾಕಿ ಅದರ ಕುತ್ತಿಗೆಯನ್ನು ತಬ್ಬಿ ಹಿಡಿದಿದ್ದಳು. ಅವಳ ಕೆನ್ನೆ ಕೊಂಬಿಗೆ ಒತ್ತಿಕೊಂಡಿತ್ತು. ಅದು ದೂಡುತ್ತಿತ್ತು, ಗುದ್ದಲು ಆಗುತ್ತಿರಲಿಲ್ಲ. ಹಗ್ಗವನ್ನು ಕಂಬಕ್ಕೆ ಬಿಗಿಯುವಾಗ ಗಂಟು ಮೂರು ಸಲ ಜಾರಿತು.

ಅವ್ವನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ, “ನಿನಗ ಅಂಜಿಕಿ ಬರಲಿಲ್ಲೇನು?” ಎಂದೆ.

“ಬಂತಲ್ಲ. ಓಡಾಕ ನನಗ ಕಾಲು ಎಲ್ಲಿ ಅದಾವ?”

ನನಗೆ ಅಳು ತಡೆಯಲಾಗಲಿಲ್ಲ. ಅವ್ವ ತರಚಿದ ಕೆನ್ನೆಯನ್ನು ಸೆರಗಿನಿಂದ ಒತ್ತಿಕೊಂಡು ಅಂಗಳದ ಕಡೆ ನೋಡಿದಳು. “ನಿನ್ನ ಚಪ್ಪಲಿ ಅಲ್ಲಿ ಬಿದ್ದೈತಿ. ಹಾಕ್ಕೋ ಹೋಗು. ನಿನ್ನ ತಮ್ಮ ಬರೂ ಹೊತ್ತಾತು,” ಎಂದಳು.

ತಮ್ಮ ಬಂದ. ಅವ್ವನ ಕೆನ್ನೆ ನೋಡಿದ, ಸೀಳಿದ ಕಂಬ ನೋಡಿದ, ಅಲ್ಲೇ ಕುಸಿದು ಕೂತ. ಅವನು ಏನನ್ನೂ ಕೇಳುವ ಮೊದಲೇ ಅವ್ವ ಮಾತು ತೆಗೆದಳು.

“ನಿಮ್ಮಕ್ಕ ಓಡಿ ಬಂದು ಹಿಡದಳಂತ ಉಳದೇನಿ ನೋಡಪಾ. ನಾಳಿಗೆ ಅದನ್ನ ಮಾರಿ ಬಾ.”

ನಾನು ಅವ್ವನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ತಮ್ಮ ಎದ್ದು ಬಂದವನೇ ಬಗ್ಗಿ ನನ್ನ ಎರಡೂ ಕಾಲು ಮುಟ್ಟಿ ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡ. ಬೇಡ ಎನ್ನಬೇಕಿತ್ತು. ಕಾಲು ಹಿಂದಕ್ಕೆ ತೆಗೆಯಬೇಕಿತ್ತು. ಎರಡನ್ನೂ ಮಾಡಲಿಲ್ಲ.