ಬಚ್ಚಲ ಬಾಗಿಲಿಗೆ ಬಂದ ಹೆಸರು ಹೇಳಬಾರದ್ದು

ನನ್ನ ಹೆಂಡತಿಯ ತವರು ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರು. ಅಲ್ಲಿಯ ಬಚ್ಚಲುಮನೆ ಹಿತ್ತಲಿನಲ್ಲಿ, ಮನೆಯಿಂದ ಬೇರೆಯಾಗಿದೆ. ಒಂದೇ ಬಾಗಿಲು, ಕಿಟಕಿ ಇಲ್ಲ. ಒಳಗೆ ಒಲೆಯ ಮೇಲೆ ಹಂಡೆ, ಅದರ ಪಕ್ಕ ಬಟ್ಟೆ ಇಡಲು ಒಂದು ಗಾರೆ ಕಟ್ಟೆ. ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ನಾನು ಆ ಕಟ್ಟೆಯ ಮೇಲೆ ಟವೆಲ್ ಸುತ್ತಿಕೊಂಡು, ಮೈಮೇಲೆ ಸೋಪಿನ ನೊರೆ ಹಾಗೇ ಇರುವಂತೆ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆ. ಹೊಸ್ತಿಲ ಒಳಗೆ, ಕಾಲೊರೆಸುವ ಗೋಣಿಚೀಲದ ಮೇಲೆ ಒಂದು ಹಾವು ಸುರುಳಿ ಸುತ್ತಿ ಮಲಗಿತ್ತು.

ನಾನು ಏನೂ ಇಲ್ಲದಾಗಲೂ ಚಿಂತೆ ಮಾಡುವವನು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ತಾಂಡವಪುರದಲ್ಲಿ ಬಸ್ಸಿಳಿದು ನಂಜನಗೂಡಿಗೆ ವಾಪಸು ಹೋದವನು. ಹಾವಿನ ವಿಷಯದಲ್ಲಂತೂ ಅದು ಬರುವ ಎಷ್ಟೋ ವರ್ಷ ಮೊದಲೇ ಹೆದರಿ ಮುಗಿಸಿದ್ದೆ. ನಿಜವಾದದ್ದು ಬಂದಾಗ ಆ ಅಭ್ಯಾಸ ಯಾವ ಕೆಲಸಕ್ಕೂ ಬರಲಿಲ್ಲ.

ಹಾವಿನ ಮೈಮೇಲೆ ಸರಪಳಿಯಂಥ ಕಂದು ಮಚ್ಚೆಗಳಿದ್ದವು. ಕೊಳಕುಮಂಡಲಕ್ಕೆ ಹಾಗಿರುತ್ತದೆ. ಮಣ್ಣುಮುಕ್ಕ ಹಾವಿಗೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮೊದಲನೆಯದು ಕಚ್ಚಿದರೆ ಉಳಿಯುವುದು ಕಷ್ಟ. ಎರಡನೆಯದಕ್ಕೆ ವಿಷವೇ ಇಲ್ಲ, ದಾಟಿಕೊಂಡು ಹೋಗಿ ತಿಂಡಿ ತಿನ್ನಬಹುದು.

ನನ್ನ ಕೂಗಿಗೆ ಅತ್ತೆ ಬಂದು ದೂರದಿಂದಲೇ ಇಣುಕಿದರು.

"ಅತ್ತೆ, ಯಾವ ಹಾವು ಅದು?"

"ಉಳ ಕಣಪ್ಪ."

"ಹುಳ ಅಂತ ಗೊತ್ತು. ಯಾವ ಹುಳ?"

"ಅದ್ರ ಮುಂದೆ ಅದ್ರ ಎಸ್ರು ಏಳ್ಬಾರ್ದು. ಏಳುದ್ರೆ ಗುರ್ತು ಇಟ್ಕತದೆ."

ಆ ಮನೆಯಲ್ಲಿ ಹಾಗೆ. ಹಾವು ಕಣ್ಣೆದುರು ಇರುವಷ್ಟು ಹೊತ್ತು ಯಾರೂ ಅದರ ಹೆಸರೆತ್ತುವುದಿಲ್ಲ. ಹುಳ, ಇಲ್ಲವೇ ಅದು. ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. "ನಿಮ್ ಮಾವನ ದೊಡ್ಡಣ್ಣನ್ನ ಗದ್ದೆ ಬದೀಲಿ ತಗೊಂಡೋಯ್ತಲ್ಲ, ಆ ಜಾತೀದು" ಎಂದರು.

"ಅದನ್ನ ನೀವು ನೋಡಿದ್ರಾ?"

"ನಾನೆಲ್ಲಿ ನೋಡ್ಲಿ? ನಾನಿನ್ನೂ ಮದ್ವೆಯಾಗಿ ಬಂದೇ ಇರ್ನಿಲ್ಲ. ನಮ್ಮತ್ತೆ ಏಳ್ತಿದ್ರು."

"ಅವರು ನೋಡಿದ್ರಾ?"

"ಯಾರೋ ನೋಡಿರ್ಬೇಕಲ್ಲಪ್ಪ!"

ನಂಜನಗೂಡಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುವ ನನಗೆ ಇದು ಹೊಸ ಪಾಠವೇನಲ್ಲ. ಚಿನ್ನ, ನೀರು, ಹುಲಿ ಇಂಥ ಮಾತುಗಳ ಅರ್ಥ ಲಕ್ಷಣಗಳ ಪಟ್ಟಿಯಲ್ಲಿಲ್ಲ. ಯಾರೋ ಒಂದು ಕಾಲಕ್ಕೆ ಒಂದನ್ನು ತೋರಿಸಿ ಹೆಸರಿಟ್ಟರು, ಹೆಸರು ಬಾಯಿಂದ ಬಾಯಿಗೆ ನಮ್ಮವರೆಗೆ ಬಂತು. ಒಳಗಿನ ಗುಣದಲ್ಲಿ ಅದರಂತೆಯೇ ಇರುವುದೆಲ್ಲಕ್ಕೂ ಆ ಹೆಸರು ಸಲ್ಲುತ್ತದೆ, ನಮಗೆ ಗೊತ್ತಾಗಲಿ ಬಿಡಲಿ. ಸಂತೆಯಲ್ಲಿ ರಸಬಾಳೆ ಎಂದು ಕೊಟ್ಟದ್ದು ಬೇರೆ ಬಾಳೆಯಾಗಿದ್ದರೆ ರಸಬಾಳೆಯ ಅರ್ಥ ಬದಲಾಯಿತು ಎಂದು ಯಾರೂ ಹೇಳುವುದಿಲ್ಲ, ಮೋಸ ಹೋದೆವು ಎನ್ನುತ್ತೇವೆ. ತರಗತಿಯಲ್ಲಿ ಇದನ್ನು ಹೇಳಿ ಚಾಕ್‌ಪೀಸ್ ಕೆಳಗಿಡುವಾಗ ನನಗೆ ಒಂದು ಬಗೆಯ ನೆಮ್ಮದಿ ಇರುತ್ತಿತ್ತು. ಕಟ್ಟೆಯ ಮೇಲೆ ಅದೇ ಮಾತು ಹೆದರಿಸಿತು. ಗೋಣಿಯ ಮೇಲಿರುವುದು ಏನಾಗಿದೆಯೋ ಅದೇ. ನಾನು ಏನಂದುಕೊಂಡರೂ ಅದಕ್ಕೆ ಸಂಬಂಧವಿಲ್ಲ.

ಹೆಂಡತಿ ಮೊಬೈಲ್ ತಂದಳು. "ರೀ, ನೀವೂ ಫೋಟೋದಲ್ಲಿ ಬರ್ತಿದೀರಿ, ಟವೆಲ್ ಸರಿ ಮಾಡ್ಕೊಳ್ಳಿ."

ಟಿ. ನರಸೀಪುರದಲ್ಲಿ ಹಾವು ಹಿಡಿಯುವವರೊಬ್ಬರಿಗೆ ಆ ಫೋಟೋ ಕಳಿಸಿ ಫೋನ್ ಮಾಡಿದಳು. "ಬರೀ ಕತ್ಲೆ ಮೇಡಂ, ಏನೂ ಗೊತ್ತಾಗಲ್ಲ. ಬತ್ತಾ ಇದೀನಿ, ಯಾರೂ ಮುಟ್ಬೇಡಿ" ಎಂದಿತು ದನಿ. ಕೊಳಕುಮಂಡಲ ಎಂಬ ಮಾತನ್ನು ನಾನು ಇಷ್ಟು ವರ್ಷ ಧೈರ್ಯವಾಗಿ ಬಳಸಿದ್ದು ಎಲ್ಲೋ ಯಾರಿಗೋ ಅದರ ಗುರುತು ಗೊತ್ತಿರುತ್ತದೆ ಎಂಬ ಭರವಸೆಯ ಮೇಲೆ. ಆ ಯಾರೋ ಈಗಷ್ಟೇ ಬೈಕ್ ಹತ್ತುತ್ತಿದ್ದರು. ಬೆನ್ನಿಗೆ ಒಲೆಯ ಕಾವು ಬಡಿಯುತ್ತಿತ್ತು. ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. ಕಾಲು ಜೋಮು ಹಿಡಿದಿತ್ತು, ಇಳಿಬಿಡಲು ಮಾತ್ರ ಧೈರ್ಯವಿಲ್ಲ.

ಅಷ್ಟರಲ್ಲಿ ಬಾಮೈದ ತೋಟದಿಂದ ಬಂದ. ಒಂದು ಸಲ ಬಗ್ಗಿ ನೋಡಿ ನಕ್ಕುಬಿಟ್ಟ.

"ಅಯ್ಯೋ ಭಾವ, ಮಣ್ಣುಮುಕ್ಕ! ಇದುಕ್ಕಾ ಇಷ್ಟೊತ್ತಿಂದ ಕಟ್ಟೆ ಏರ್ಕಂಡು ಕೂತಿರಾದು?"

"ಎಸ್ರೆತ್ತಬ್ಯಾಡ ಕಣ್ಲಾ!" ಎಂದರು ಅತ್ತೆ.

"ಸುಮ್ನಿರವ್ವ. ಸಣ್ಣೋನಿದ್ದಾಗ ಜೇಬಲ್ಲಿ ಆಕ್ಕಂಡು ಇಸ್ಕೂಲ್ಗೆ ಓಗಿವ್ನಿ. ದಪ್ಪ ನೋಡು, ಮಚ್ಚೆ ನೋಡು. ಭಾವ, ದಾಟ್ಕಂಡು ಬನ್ನಿ."

"ನೀನು ಹೇಳ್ತಿರೋದು ಬರೀ ರೂಪ" ಎಂದೆ. "ರೂಪ ಎರಡಕ್ಕೂ ಒಂದೇ ಇರಬಹುದು. ಅಷ್ಟರಿಂದಲೇ ಇಂಥ ಜಾತಿ ಅಂತ ಹೇಳೋಕಾಗಲ್ಲ."

"ಮೇಷ್ಟ್ರೇ, ಇದ್ನೆಲ್ಲ ಕಾಲೇಜಲ್ಲಿ ಏಳಿ. ನೀವು ಬರಾಕಿಲ್ಲ ಅಂದ್ರೆ ನಾನೇ ಬಾಲ ಇಡ್ದು ಎತ್ತಾಕ್ತೀನಿ."

ಅವನು ಹೊಸ್ತಿಲ ಮೇಲೆ ಕಾಲಿಟ್ಟು ಬಗ್ಗಿ ಕೈ ಚಾಚಿದ. ಅಲ್ಲಿಯವರೆಗೆ ನನ್ನ ಜೀವದ ಬಗ್ಗೆ ಮಾತ್ರ ಇದ್ದ ಹೆದರಿಕೆ ಆ ಕೈಗೆ ಹಾರಿತು. "ಬೇಡ" ಎಂದು ಕಿರುಚಿದೆ. ವಾದ ಮಾಡಲು ಇನ್ನೇನೂ ಉಳಿದಿರಲಿಲ್ಲ, ಬೇಡ, ಬೇಡ ಎಂದಷ್ಟೇ ಮತ್ತೆ ಮತ್ತೆ ಕಿರುಚಿದೆ. ಕಿರುಚಾಟಕ್ಕೆ ಅವನು ತಲೆಯೆತ್ತಿ ನನ್ನನ್ನು ನೋಡಿದ. ಕೈ ಗಾಳಿಯಲ್ಲೇ ನಿಂತಿತು.

ಆಗ ಅದು ಬುಸುಗುಟ್ಟಿತು. ಕುಕ್ಕರ್ ಕೂಗುವ ಮೊದಲು ಉಸಿರು ಬಿಡುತ್ತದಲ್ಲ, ಹಾಗೆ, ಉದ್ದಕ್ಕೆ, ನಿಲ್ಲಿಸದೆ. ಮಣ್ಣುಮುಕ್ಕ ಹಾಗೆ ಬುಸುಗುಟ್ಟುವುದಿಲ್ಲ ಎಂಬುದು ಬಾಮೈದನಿಗೆ ನನಗಿಂತ ಚೆನ್ನಾಗಿ ಗೊತ್ತು. ಸದ್ದೂ ಒಂದು ಲಕ್ಷಣ ಮಾತ್ರ ಎಂದು ನಾನು ಆಕ್ಷೇಪ ಎತ್ತಬಹುದಿತ್ತು. ಎತ್ತಲಿಲ್ಲ.

ಅವನು ಹಿಂದೆ ಸರಿದ. ಹಾವು ಸುರುಳಿ ಬಿಚ್ಚಿಕೊಂಡು ಗೋಡೆಯ ಅಂಚಿನಲ್ಲಿ ಸಾವಕಾಶವಾಗಿ ಹರಿದು, ನೀರು ಹೋಗುವ ಕಿಂಡಿಯಲ್ಲಿ ತೂರಿ, ಹೊರಗಿನ ಕೆಸುವಿನ ಎಲೆಗಳಡಿಗೆ ಹೋಯಿತು. ಎಲೆಗಳು ಅಲ್ಲಾಡಿದ್ದು ಹೆಂಡತಿಗೆ ಬೇಲಿಯವರೆಗೂ ಕಂಡಿತಂತೆ.

ಬಾಮೈದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಚಾಚಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ.

"ಇಳೀರಿ ಭಾವ" ಎಂದ. "ಓಯ್ತು."

"ಏನು ಹೋಯ್ತು?" ಎಂದೆ. ಕೇಳಬಾರದಿತ್ತು. ಬಾಯಿಗೆ ಅದೊಂದೇ ಬಂತು.

ಅವನು ಕೆಸುವಿನ ಕಡೆ ನೋಡಿದ, ಆಮೇಲೆ ತನ್ನ ಅವ್ವನ ಕಡೆ.

"ಅದು" ಎಂದ.